ಕೋಲು ಬಚ್ಚಿಡಿ, ನಾನೂರು ರೂಪಾಯಿ ಪಡೆಯಿರಿ

ಕರ್ನಾಟಕದಲ್ಲಿ 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಅಂತ ತಿಂಗಳಿಗೆ 1200 ರೂಪಾಯಿ ಸಿಗುತ್ತದೆ. ಶೇ 40ರಿಂದ 75ರವರೆಗೆ ಅಂಗವೈಕಲ್ಯ ಇದ್ದವರಿಗೆ 800 ರೂಪಾಯಿ. ಎರಡೂ ಒಟ್ಟಿಗೆ ಇಲ್ಲ, ಒಬ್ಬರಿಗೆ ಒಂದೇ ಮಾಸಾಶನ. ಈಗ ಲೆಕ್ಕ ಹಾಕಿ. ಗಟ್ಟಿಮುಟ್ಟಾಗಿ ಓಡಾಡುವ ಅಜ್ಜಿಗೆ 1200. ಕಾಲು ಎಳೆದುಕೊಂಡು ನಡೆಯುವ ಪಕ್ಕದ ಮನೆ ಅಜ್ಜಿ ಅಂಗವಿಕಲೆ ಅಂತ ಬರೆಸಿಕೊಂಡರೆ 800. ಅಂದರೆ ಸೊಟ್ಟ ಕಾಲಿನ ಸರ್ಕಾರಿ ಬೆಲೆ ಮೈನಸ್ 400!

ಇದು ಕಣ್ತಪ್ಪಿ ಆದದ್ದು ಅಂದುಕೊಳ್ಳಬೇಡಿ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಅಧಿಕಾರ ವಹಿಸಿಕೊಂಡ ದಿನವೇ ಎರಡನ್ನೂ ಏರಿಸಿದರು. 1000 ಇದ್ದದ್ದು 1200 ಆಯಿತು, 600 ಇದ್ದದ್ದು 800 ಆಯಿತು. ಇಬ್ಬರಿಗೂ ಸರಿಯಾಗಿ 200. ನಡುವಿನ ನಾನೂರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹಿರಿಯರು ಕೊಟ್ಟ ಆಸ್ತಿ ನೋಡಿ, ಜೋಪಾನ ಮಾಡಬೇಕಲ್ವಾ?

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ತುಂಬಾ ಸರಳವಾಗಿದೆ. ಬೇರೆಯವರಿಗೆ ಇರುವ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಜಾಸ್ತಿ ಕೊಡಬೇಕು. 1200ಕ್ಕೆ ಶೇ 25 ಸೇರಿಸಿದರೆ 1500. ನಮ್ಮಲ್ಲಿ 800. ಶೇ 75 ದಾಟಿ, ಅಂದರೆ ಮುಕ್ಕಾಲು ದೇಹ ಕೈಕೊಟ್ಟ ಮೇಲೂ 1400. ಅಲ್ಲೂ ನೂರು ಖೋತಾ. ಅದೇ ಸೆಕ್ಷನ್ನಿನ ಶುರುವಿನಲ್ಲಿ ‘ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ’ ಅನ್ನುವ ಅರ್ಥದ ಮಾತೊಂದಿದೆ. ನಮ್ಮವರು ಅಲ್ಲಿಯವರೆಗೆ ಓದಿ ಕನ್ನಡಕ ತೆಗೆದಿಟ್ಟಿರಬೇಕು.

ದಿಲ್ಲಿಯವರು ಇನ್ನೂ ಕಟ್ಟುನಿಟ್ಟು. ಅವರ ಪಾಲಿನ ಹಣ ಬರಬೇಕಾದರೆ ಅಂಗವೈಕಲ್ಯ ಶೇ 80 ಇರಲೇಬೇಕು. ಇದ್ದರೆ 300 ರೂಪಾಯಿ. 2012ರಲ್ಲಿ 300 ಆಗಿದ್ದು, ಈಗಲೂ 300. ಎಂಬತ್ತು ವರ್ಷ ತುಂಬಿದವರಿಗೆ 500, ಅಂಗವೈಕಲ್ಯ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆ ವಯಸ್ಸಿಗೆ ಕೈಕಾಲಿನ ಬಗ್ಗೆ ತಕರಾರು ಯಾಕೆ ಅಂತಿರಬೇಕು.

ಆದರೂ ಕೆಲವು ಹಟಮಾರಿ ಅಜ್ಜಿಯರು ಸರ್ಟಿಫಿಕೇಟ್ ಬೇಕು ಅಂತ ಆಸ್ಪತ್ರೆಗೆ ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ಬಂದು ಗೋಡೆಗೆ ಒರಗಿ ಕೂರಬೇಕು. ಮಂಡಿ ಪರೀಕ್ಷೆ ಮಾಡುವ ಕೋಣೆ ಮೊದಲ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿರುತ್ತಾರೆ. ಹೇಗೋ ಮೆಟ್ಟಿಲು ಹತ್ತಿ ಹೋದಿರೋ, ಹತ್ತಿದ್ದೇ ತಪ್ಪು.

‘ಮೇಲೆ ಹೆಂಗೆ ಬಂದ್ರಿ ಅಜ್ಜಿ?’

‘ಕಂಬಿ ಹಿಡ್ಕೊಂಡು ಬಂದೆ.’

‘ಅಂದ್ರೆ ಹತ್ತೋಕೆ ಬರುತ್ತೆ. ವಯಸ್ಸೆಷ್ಟು?’

‘ಎಪ್ಪತ್ತೊಂದು.’

‘ಹಾಗಾದ್ರೆ ಇದೆಲ್ಲ ಸಹಜ ಬಿಡಿ.’

ಸಹಜ ಅಂದಮೇಲೆ ಶೇ 38 ಬರುತ್ತದೆ. ಪಾಸಾಗಲು 40 ಬೇಕು. ನಾವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ 35 ತಗೊಂಡು ಊರಿಗೆಲ್ಲ ಪೇಡ ಹಂಚಿದವರು. ಮಂಡಿಗೆ ಮಾತ್ರ ಅಷ್ಟು ಸಾಲದು. ಗ್ರೇಸ್ ಮಾರ್ಕ್ಸ್ ಇಲ್ಲ, ಟ್ಯೂಷನ್ನೂ ಇಲ್ಲ. ಮುಂದಿನ ವರ್ಷ ಇನ್ನೊಂದು ಸಲ ಜಾರಿ ಬಿದ್ದು ಬನ್ನಿ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪಾಪ.

ಇಷ್ಟೆಲ್ಲ ಕಷ್ಟಪಟ್ಟು 41 ತಂದವರ ಗತಿ ನೋಡಿ. ರ‍್ಯಾಂಕ್ ಬಂದಷ್ಟು ಖುಷಿಯಲ್ಲಿ ನಾಡಕಚೇರಿಗೆ ಹೋಗುತ್ತಾರೆ. ಬೆರಳಚ್ಚಿನ ಯಂತ್ರ ಮೂರು ಸಲ ಕೆಂಪು ದೀಪ ತೋರಿಸುತ್ತದೆ, ಜೀವಮಾನವೆಲ್ಲ ಕಳೆ ಕಿತ್ತ ಬೆರಳಲ್ಲವೇ, ಗೆರೆ ಉಳಿದಿರುವುದಿಲ್ಲ. ಸೆರಗಿಗೆ ಒರೆಸಿಕೊಂಡು ನಾಲ್ಕನೇ ಸಲ ಒತ್ತಿದ ಮೇಲೆ ಹಸಿರು. ಆಗ ಕಂಪ್ಯೂಟರ್ ಮುಂದಿನ ಹುಡುಗ ಅರ್ಜಿಯಿಂದ ತಲೆ ಎತ್ತಿ ಮೆಲ್ಲಗೆ ಕೇಳುತ್ತಾನೆ: ‘ಅಜ್ಜಿ, ನಿಮಗೆ ಅರವತ್ತೈದು ಆಗಿದೆಯಲ್ಲ. ಸುಮ್ನೆ ಮುದುಕಿ ಅಂತ ಹಾಕಿಬಿಡಲಾ? ಜಾಸ್ತಿ ಬರುತ್ತೆ.’

ಇಡೀ ವ್ಯವಸ್ಥೆಯಲ್ಲಿ ಕಾಯ್ದೆಯ ಆಶಯ ಅರ್ಥವಾಗಿರುವುದು ಈ ಹುಡುಗನಿಗೊಬ್ಬನಿಗೇ ಅನ್ನಿಸುತ್ತದೆ. ಅವನನ್ನು ಹಣಕಾಸು ಇಲಾಖೆಗೆ ಕಳಿಸಬಹುದಿತ್ತು.

ಹಾಗಂತ ಸರ್ಟಿಫಿಕೇಟ್ ಒಲೆಗೆ ಹಾಕಬೇಡಿ. ರೈಲ್ವೆಯವರದ್ದು ಪೂರಾ ಉಲ್ಟಾ. ಹಿರಿಯ ನಾಗರಿಕರಿಗೆ ಕೊಡುತ್ತಿದ್ದ ಟಿಕೆಟ್ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ಕೊರೊನಾ ಹೆಸರಲ್ಲಿ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ವಾಪಸ್ ಬರಲಿಲ್ಲ. ಆದರೆ ಜೊತೆಗೊಬ್ಬರಿಲ್ಲದೆ ಓಡಾಡಲಾಗದ ಅಂಗವಿಕಲರಿಗೆ ಈಗಲೂ ಇದೆ. ಹಾಗಾಗಿ ನಾಡಕಚೇರಿಗೆ ಹೋಗುವಾಗ ಮುದುಕಿ, ಟಿಕೆಟ್ ಕೌಂಟರಿಗೆ ಹೋಗುವಾಗ ಅಂಗವಿಕಲೆ. ಕೋಲನ್ನು ಮೊದಲನೆಯ ಕಡೆ ಮೊಮ್ಮಗನ ಕೈಗೆ ಕೊಡಿ, ಎರಡನೆಯ ಕಡೆ ಮುಂದೆ ಹಿಡಿದು ನಿಲ್ಲಿ. ಅದಲು ಬದಲಾದರೆ ಎರಡೂ ಕಡೆ ನಷ್ಟ.

ಬಸ್ಸಿನಲ್ಲಿ ಯಾವ ವೇಷ ಅಂತ ಅಜ್ಜಿ ಕೇಳಿದರೆ, ಅಲ್ಲಿ ಏನೂ ತಲೆಬಿಸಿ ಇಲ್ಲ. ಹೆಂಗಸಾಗಿದ್ದರೆ ಸಾಕು. ಅಜ್ಜ ಮಾತ್ರ ಟಿಕೆಟ್ ತಗೊಳ್ಳಬೇಕು.