ಡೈರಿ ಮುಂದೆ ಬಿದ್ದ ಹಲ್ಲು

ಹೋದ ತಿಂಗಳು ಅಕ್ಕ ಫೋನ್ ಮಾಡಿದಳು. ಅವಳ ಹತ್ತು ವರ್ಷದ ಮಗ ಸೈಕಲ್ಲಿಂದ ಬಿದ್ದು ಮುಂದಿನ ಹಲ್ಲು ಬೇರುಸಮೇತ ಕಿತ್ತು ಬಂದಿತ್ತು. ಬಿದ್ದದ್ದು ಎಲ್ಲಿ ಗೊತ್ತಾ? ಶಿಡ್ಲಘಟ್ಟದ ಹತ್ತಿರ ನಮ್ಮೂರಲ್ಲಿ, ಹಾಲಿನ ಡೈರಿ ಮುಂದೆ, ಸಂಜೆ ಹಾಲು ಹಾಕುವ ಹೊತ್ತಲ್ಲಿ. ಸುತ್ತ ಕ್ಯಾನ್‌ಗಟ್ಟಲೆ ಹಾಲು. ಹಲ್ಲು ಮಾತ್ರ ಭಾವನ ಕರ್ಚೀಫಿನಲ್ಲಿ ಎರಡೂವರೆ ಗಂಟೆ ಒಣಗಿತು.

ಅದಕ್ಕೂ ಮೊದಲು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ ತೊಳೆದಿದ್ದಾರೆ. ಅಮ್ಮ ಸಗಣಿ ಹುಡುಕುತ್ತಿದ್ದಳಂತೆ, ಹಂಚಿನ ಮೇಲೆ ಎಸೆಯೋಕೆ! ಹಾಲುಹಲ್ಲಾಗಿದ್ದರೆ ಸರಿ, ಅದನ್ನು ವಾಪಸ್ ಕೂರಿಸಲೂಬಾರದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ತೊಂದರೆ. ಆದರೆ ಇದು ಇನ್ನೊಂದು ಬರುವ ಹಲ್ಲಲ್ಲ.

ನನಗೆ ಸಿಟ್ಟು ಬಂದದ್ದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ಇಲ್ಲಿ ಕೋಪನ್‌ಹೇಗನ್‌ನಲ್ಲಿ ನನ್ನ ಮಗಳಿಗೂ ಹೀಗೇ ಆಯಿತು. ಶಾಲೆಯಿಂದ ಟೀಚರ್ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಗಾಬರಿ ಬೇಡ, ಹಲ್ಲು ಹಾಲಲ್ಲಿದೆ, ಬನ್ನಿ." ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. ಹೋಗಿ ನೋಡಿದರೆ ನಿಜವಾಗಿಯೂ ಲೋಟದಲ್ಲಿ ಹಾಲು, ಹಾಲಲ್ಲಿ ಹಲ್ಲು. ಬೇರು ಮುಟ್ಟದೆ, ಬಾಯಲ್ಲಿ ಕಾಣುವ ಬಿಳಿ ಭಾಗ ಹಿಡಿದೇ ಎತ್ತಿದ್ದಾರೆ. ಆಗಲೇ ಜಾಗಕ್ಕೆ ಒತ್ತಿ ಕೂರಿಸಿದ್ದರೆ ಇನ್ನೂ ಒಳ್ಳೆಯದಿತ್ತು, ಮಗಳು ಬಾಯಿ ತೆಗೆಯಲಿಲ್ಲವಂತೆ. ಮಕ್ಕಳ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೂರಿಸಿ, ಪಕ್ಕದ ಹಲ್ಲುಗಳಿಗೆ ಸೇರಿಸಿ ಸಣ್ಣ ತಂತಿ ಅಂಟಿಸಿದರು. ಎರಡು ವಾರ ಅಷ್ಟೇ. ಮಕ್ಕಳ ಹಲ್ಲಿಗೆ ಇಲ್ಲಿ ದುಡ್ಡು ಕೊಡಬೇಕಿಲ್ಲ.

ಹಾಲೇ ಯಾಕೆ ಅಂತ ಅಲ್ಲಿನ ಡಾಕ್ಟರನ್ನು ಕೇಳಿದೆ. ಬೇರಿನ ಸುತ್ತ ತೆಳು ಪೊರೆ ಇರುತ್ತದೆ, ಅದರಲ್ಲಿ ಜೀವ ಇರುತ್ತದೆ. ಒಣಗಿದರೆ ಸಾಯುತ್ತದೆ, ಉಜ್ಜಿದರೆ ಕಿತ್ತುಹೋಗುತ್ತದೆ. ನೀರಲ್ಲಿ ಇಟ್ಟರೂ ಆ ಜೀವಕೋಶಗಳು ಉಬ್ಬಿ ಒಡೆಯುತ್ತವೆ. ಹಾಲಲ್ಲಿ ಸ್ವಲ್ಪ ಹೊತ್ತು ಬದುಕುತ್ತವೆ. ಪೊರೆ ಸತ್ತರೆ ಕೂರಿಸಿದ ಹಲ್ಲಿನ ಬೇರು ನಿಧಾನವಾಗಿ ಕರಗುತ್ತದೆ. ಈ ಊರಿನ ಹಲ್ಲಿನ ಡಾಕ್ಟರ್ ಯೆನ್ಸ್ ಆಂಡ್ರಿಯಾಸೆನ್ ಮತ್ತು ಅವರ ಜೊತೆಗಾರರೊಬ್ಬರು 1966ರಲ್ಲೇ ಹೀಗೆ ವಾಪಸ್ ಕೂರಿಸಿದ 110 ಹಲ್ಲುಗಳ ಲೆಕ್ಕ ಬರೆದಿಟ್ಟಿದ್ದಾರೆ. ಅರ್ಧ ಗಂಟೆಯೊಳಗೆ ಕೂರಿಸಿದವುಗಳಲ್ಲಿ ನೂರಕ್ಕೆ 90ರ ಬೇರು ಕರಗದೆ ಉಳಿದಿತ್ತು. ಎರಡು ಗಂಟೆ ದಾಟಿದವುಗಳಲ್ಲಿ ನೂರಕ್ಕೆ 95ರ ಬೇರು ಕರಗಿತ್ತು.

ನಮ್ಮ ಭಾವನಿಗೆ ಇದನ್ನು ಹೇಳಿಕೊಡಬೇಕಾ? ನರ್ಸರಿಯಿಂದ ಟೊಮೆಟೊ ಸಸಿ ತರುವಾಗ ಬೇರು ಒಣಗದ ಹಾಗೆ ಮಗುವಿನಂತೆ ನೋಡಿಕೊಳ್ಳುವ ಮನುಷ್ಯ. ಮಗನ ಹಲ್ಲಿಗೂ ಬೇರಿದೆ ಅಂತ ಯಾರೂ ಅವನಿಗೆ ಹೇಳಿಲ್ಲ. ಶಾಲೆಯಲ್ಲಿ ಹಲ್ಲಿನ ಚಿತ್ರ ಬರೆಸಿ ಭಾಗ ಗುರುತಿಸಿ ಅಂತಾರೆ, ಬಿದ್ದರೆ ಏನು ಮಾಡಬೇಕು ಅನ್ನಲ್ಲ. ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಎಂಜಲು ಹಲ್ಲು ಹಾಲಲ್ಲಿ ಹಾಕೋದಾ? ಥೂ!" ಅಂದಳು.

ಇಷ್ಟೆಲ್ಲ ಬೈದ ಮೇಲೆ ಇದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಹೋದ ಚಳಿಗಾಲದಲ್ಲಿ ಇಲ್ಲಿ ನನ್ನದೇ ಹಲ್ಲು ಮುರಿಯಿತು, ಶನಿವಾರ ರಾತ್ರಿ. ಬೆಳಗ್ಗೆವರೆಗೆ ಕಾದು, ತುರ್ತು ಕ್ಲಿನಿಕ್ಕಿನಲ್ಲಿ ಸಾಲಲ್ಲಿ ಕೂತು, ಕೊನೆಗೆ ಬಿಲ್ಲು ನೋಡಿದಾಗ ಹಲ್ಲುನೋವೇ ಮರೆತುಹೋಯಿತು. ದೊಡ್ಡವರ ಹಲ್ಲು ದೊಡ್ಡವರ ಜೇಬಿನದು. ಅಲ್ಲಿ, ಅಕ್ಕನ ಮಗ ಬಿದ್ದ ದಿನ, ಶಿಡ್ಲಘಟ್ಟದ ಹಲ್ಲಿನ ಡಾಕ್ಟರ್ ಆಗಲೇ ಶಟರ್ ಎಳೆದು ಮನೆಗೆ ಹೋಗಿದ್ದರು. ಪಕ್ಕದ ಮೆಡಿಕಲ್‌ನವನು ಫೋನ್ ಮಾಡಿದ್ದಕ್ಕೆ ಊಟ ಬಿಟ್ಟು ಬೈಕಲ್ಲಿ ವಾಪಸ್ ಬಂದರಂತೆ. "ಹಾಲಲ್ಲಿ ಹಾಕಿ ತರಬಾರದಿತ್ತೇನಮ್ಮಾ?" ಅಂತ ಅವರೂ ಅಕ್ಕನಿಗೆ ಕೇಳಿದರಂತೆ. ತಡವಾಗಿದೆ, ಹಲ್ಲು ಬಹಳ ವರ್ಷ ನಿಲ್ಲದಿರಬಹುದು, ಅಲ್ಲಿಯವರೆಗೆ ದವಡೆ ಮೂಳೆಯಾದರೂ ಉಳಿಯಲಿ ಅಂತ ಕೂರಿಸಿ ತಂತಿ ಕಟ್ಟಿದ್ದಾರೆ. ಟಿಟಿ ಇಂಜೆಕ್ಷನ್ ಆಗಿದೆಯಾ ಅಂತ ಮರೆಯದೆ ಕೇಳಿದ್ದಾರೆ.

ದುಡ್ಡು ಎಷ್ಟು ಅಂದರೆ, "ಮೊದಲು ಹುಡುಗ ಊಟ ಮಾಡಲಿ, ಗಂಜಿ ಕೊಡಿ, ಆಮೇಲೆ ನೋಡೋಣ" ಅಂದರಂತೆ. ಮಾರನೇ ದಿನ ಭಾವ ಅವರ ಮನೆಗೆ ಒಂದು ಬಾಕ್ಸ್ ಟೊಮೆಟೊ ಇಳಿಸಿ ಬಂದಿದ್ದಾನೆ.