ಕಾರ್ಡಿನ ಮೇಲೆ ನಮ್ಮೂರ ಪಿಕಳಾರ ಕೂರಲಿ

ಡಿಸೆಂಬರ್ ಬಂತು ಅಂದರೆ ಚಿಕ್ಕಮಗಳೂರಿನ ಅಂಗಡಿಗಳಲ್ಲೂ ಕ್ರಿಸ್‌ಮಸ್ ಕಾರ್ಡು. ಅದರ ಮೇಲೆ ಹಿಮ, ಪೈನ್ ಮರ, ಕೆಂಪು ಎದೆಯ ರಾಬಿನ್ ಹಕ್ಕಿ. ರಾಬಿನ್ ಚಂದದ ಹಕ್ಕಿಯೇ. ಅದು ಕಾರ್ಡಿಗೆ ಬಂದ ಕಥೆಯೂ ನನಗೆ ತುಂಬಾ ಇಷ್ಟ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾರಾಟಕ್ಕೆಂದು ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದರು. ಆ ಕಾಲದಲ್ಲಿ ಅಲ್ಲಿನ ಅಂಚೆಯವರು ಕೆಂಪು ಕೋಟು ತೊಡುತ್ತಿದ್ದರು. ಜನ ಅವರನ್ನು ರಾಬಿನ್ ಅಂತಲೇ ಕರೆಯುತ್ತಿದ್ದರು. ಹಾಗೆ ಹಕ್ಕಿಯೂ ಕಾರ್ಡಿನ ಮೇಲೆ ಬಂದು ಕೂತಿತು. ಅಂದರೆ ಅವರು ತಮ್ಮ ಬೀದಿ, ತಮ್ಮ ಹಿತ್ತಲಲ್ಲಿ ಕಂಡದ್ದನ್ನೇ ಬರೆದರು. ನಾವೂ ಹಾಗೇ ಮಾಡಬೇಕು ಅಲ್ವಾ?

ಹೋದ ವರ್ಷ ಪಕ್ಕದ ಮನೆ ಆಂಟಿ, "ಈ ಸಲ ಕಾರ್ಡು ನೀನೇ ಬರೆದು ಕೊಡು" ಅಂದರು. ನಾನು ಆರಿಸಿದ್ದು ಕೆಮ್ಮೀಸೆ ಪಿಕಳಾರ, ಅಂದರೆ ಕೆಂಪು ಮೀಸೆಯ ಬುಲ್‌ಬುಲ್ ಹಕ್ಕಿ. ಹೆಸರು ನಂಬಿ ಮೊದಲು ಕೊಕ್ಕಿನ ಪಕ್ಕ ಮೀಸೆ ಹಾಗೆ ಕೆಂಪು ಎಳೆದಿದ್ದೆ. ಬೆಳಗ್ಗೆ ಬೇಲಿ ಹತ್ತಿರ ಕೂತು ನೋಡಿದಾಗ ಗೊತ್ತಾಯಿತು, ಆ ಕೆಂಪು ಇರುವುದು ಕಣ್ಣಿನ ಹಿಂದೆ. ಅದರ ಕೆಳಗೆ ಬಿಳಿ ಕೆನ್ನೆ. ಬಾಲದ ಬುಡದಲ್ಲಿ ಮತ್ತೆ ಕೆಂಪು. ಅಳಿಸಿ ಬೇರೆಯೇ ಬರೆದೆ. ಪುಸ್ತಕ, ಫೋನ್ ನೋಡಿ ಬರೆಯುವುದು ಸಾಲದು. ಹಕ್ಕಿಯ ಎದುರು ಸುಮ್ನೆ ಕೂರಬೇಕು.

ಡಿಸೆಂಬರಲ್ಲಿ ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ. ಹಣ್ಣಿನ ಕೆಂಪು, ಹಕ್ಕಿಯ ಕೆಂಪು ಎರಡೂ ಸೇರಿದ ಮೇಲೆ ರಿಬ್ಬನ್, ಗಂಟೆ ಯಾವುದೂ ಬೇಕಾಗಲಿಲ್ಲ. ಹಿಮದ ಜಾಗದಲ್ಲಿ ತೋಟದ ಬೆಳಗಿನ ಮಂಜು. ಅದಕ್ಕೆ ಬಿಳಿ ಬಣ್ಣ ಬಳಿಯಲಿಲ್ಲ, ಕಾಗದವನ್ನೇ ಖಾಲಿ ಬಿಟ್ಟೆ. ಹಿಂದೆ ಅತ್ತಿ ಮರ. ತೋಟದಲ್ಲಿ ನೆರಳಿಗೆ ನೆಡುವ ಸಿಲ್ವರ್ ಓಕ್ ಬೇಡ ಅನ್ನಿಸಿತು, ಅದು ಆಸ್ಟ್ರೇಲಿಯಾದ್ದು. ಕಾಫಿಯೂ ಹೊರಗಿಂದ ಬಂದದ್ದೇ, ಗೊತ್ತು. ಆದರೆ ಕಾಫಿ ಬಿಟ್ಟು ಇಲ್ಲಿಯ ಡಿಸೆಂಬರ್ ಬರೆಯಲು ನನ್ನಿಂದ ಆಗುವುದಿಲ್ಲ.

ಹಕ್ಕಿಗೆ ಸಾಂತಾ ಟೋಪಿ ಹಾಕು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಟೋಪಿ ಹಾಕಿದರೆ ಆ ಚೂಪು ಕಪ್ಪು ಜುಟ್ಟು ಮುಚ್ಚಿಹೋಗುತ್ತದೆ. ಜುಟ್ಟಿಲ್ಲದ ಮೇಲೆ ಅದು ಪಿಕಳಾರ ಹೇಗಾಗುತ್ತದೆ? ಅಚ್ಚಿಗೆ ಕೊಡುವವರಿಗೆ ಇನ್ನೊಂದು ಮಾತು: ಹಿನ್ನೆಲೆಯ ಬಣ್ಣವನ್ನು ಕಾರ್ಡಿನ ಅಂಚಿನಿಂದ 3 ಮಿಲಿಮೀಟರ್ ಆಚೆಗೂ ಎಳೆಯಿರಿ, ಹಕ್ಕಿಯನ್ನು ಮಾತ್ರ ಒಳಗೇ ಇಡಿ. ನನ್ನ ಮೊದಲ ಪ್ರತಿಯಲ್ಲಿ ಕತ್ತರಿಗೆ ಸಿಕ್ಕಿ ಜುಟ್ಟಿನ ತುದಿ ಹೋಗಿತ್ತು.

ಆಂಟಿ ಒಂದು ಕಾರ್ಡನ್ನು ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪಕ್ಕ ಇಟ್ಟರು. ಇನ್ನೊಂದನ್ನು ದುಬೈಯಲ್ಲಿರುವ ಮಗನಿಗೆ ಕಳಿಸಿದರು. "ಅಮ್ಮ, ಇದು ನಮ್ಮ ಸೀಬೆ ಮರಕ್ಕೆ ಬರುತ್ತಿದ್ದ ಹಕ್ಕಿ ಅಲ್ವಾ?" ಅಂತ ಅವನು ಫೋನ್ ಮಾಡಿದನಂತೆ.

ಈ ವರ್ಷ ಚಿತ್ರಪಕ್ಷಿ ಜೋಡಿ ಬರೆಯುತ್ತಿದ್ದೇನೆ. ಗಂಡು ಕಪ್ಪು, ಕಿತ್ತಳೆ. ಹೆಣ್ಣು ಬೂದು, ಹಳದಿ. ಆ ಹಳದಿ ಇನ್ನೂ ಸರಿಯಾಗಿ ಕೂತಿಲ್ಲ.