ದೇವರ ಕೆಲಸಕ್ಕೂ ಕೂಲಿಯೇ?

ಪೂಜೆ ನಡೆಯುವಲ್ಲಿ ನ್ಯಾಯದ ಮಾತು ಎತ್ತುವುದು ಅಸಭ್ಯತೆ. ಕ್ರಿಸ್ತಪೂರ್ವ 8ನೇ ಶತಮಾನದ ಕುರಿಗಾಹಿ, ಬೈಬಲ್ಲಿನ ಪ್ರವಾದಿ ಆಮೋಸನಿಗೆ ಇಷ್ಟೂ ತಿಳಿದಿರಲಿಲ್ಲ. ಇಸ್ರೇಲಿನ ಬೇತೇಲ್ ಗುಡಿಯಲ್ಲಿ ಬಲಿ, ಹಾಡು, ವಾದ್ಯ ಎಲ್ಲವೂ ಸಾಂಗವಾಗಿ ನಡೆದಿರುವಾಗ ಈ ಪುಣ್ಯಾತ್ಮ ಬಾಯಿಬಿಟ್ಟ: ಜೋಡಿ ಚಪ್ಪಲಿಗಾಗಿ ಬಡವರನ್ನು ಮಾರುತ್ತೀರಿ, ವ್ಯಾಪಾರಕ್ಕೆ ಬಿಡುವಿರುವ ಸಬ್ಬತ್ ಎಂಬ ಪವಿತ್ರ ದಿನವಿಡೀ 'ಇದು ಎಷ್ಟು ಹೊತ್ತಿಗೆ ಮುಗಿದೀತು, ಕಳ್ಳ ತಕ್ಕಡಿ ಯಾವಾಗ ಎತ್ತಿಯೇವು' ಎಂದು ಚಡಪಡಿಸುತ್ತೀರಿ, ನಿಮ್ಮ ಹಾಡಿನ ಗದ್ದಲ ದೇವರಿಗೆ ಬೇಡವಂತೆ!

ಪೂಜಾರಿ ಅಮಚ್ಯ 'ಇದೆಲ್ಲ ಸುಳ್ಳು' ಎನ್ನಲಿಲ್ಲ. ಇದು ಅರಸನ ಗುಡಿ, ನಿನ್ನ ನಾಡಿಗೆ ಹೋಗಿ ಪ್ರವಾದನೆ ಮಾಡಿ ಹೊಟ್ಟೆ ಹೊರೆದುಕೋ ಎಂದ. ಗುಡಿ ಯಾರದೆಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಪೂಜಾರಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

1924ರ ವೈಕಂಗೆ ಬನ್ನಿ, ಈಗಿನ ಕೇರಳದಲ್ಲಿದ್ದ ತಿರುವಾಂಕೂರು ಸಂಸ್ಥಾನದ ಗುಡಿಯ ಊರಿಗೆ. ಅಲ್ಲಿ ಜಗಳ ಗರ್ಭಗುಡಿಯದೂ ಅಲ್ಲ, ಸುತ್ತಲಿನ ರಸ್ತೆಯದು. ಕೆಳಜಾತಿಯೆಂದು ಕರೆಸಿಕೊಂಡವರು ಅಲ್ಲಿ ಕಾಲಿಟ್ಟರೆ ಗೋಡೆಯೊಳಗಿನ ಸರ್ವಶಕ್ತನಿಗೆ ಮೈಲಿಗೆ. ಸುಮಾರು ಇಪ್ಪತ್ತು ತಿಂಗಳ ಸತ್ಯಾಗ್ರಹದ ಬಳಿಕ ಮೂರು ದಿಕ್ಕಿನ ರಸ್ತೆಗಳು ತೆರೆದವು, ಪೂರ್ವದ್ದು ಮಾತ್ರ ಮುಚ್ಚಿಯೇ ಉಳಿಯಿತು. ಜಗವನ್ನೆಲ್ಲ ತುಂಬಿದವನಿಗೆ ಪೂರ್ವದ ಮಗ್ಗುಲಲ್ಲಿ ತುಸು ಅಲರ್ಜಿ ಇತ್ತೆಂದು ಕಾಣುತ್ತದೆ. 1936ರಲ್ಲಿ ತಿರುವಾಂಕೂರಿನ ಮಹಾರಾಜರು ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿದ್ದೇ ತಡ, ಅದೂ ವಾಸಿಯಾಯಿತು.

ಈಗ ಕಾಲ ಬದಲಾಗಿದೆ ಎನ್ನುವವರು ಹೊಸ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ದಾನಿಯ ಹೆಸರಿನ ಕಲ್ಲು ಸಿದ್ಧವಾಗುವುದನ್ನು ನೋಡಬೇಕು. ದೇವರ ಹೆಸರು ಬೆರಳುದ್ದ, ದಾನಿಯದು ಗೇಣುದ್ದ. ಕೆತ್ತುವವನು ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕಲ್ಲಿನ ಪುಡಿಯನ್ನು ಊದಿ ಊದಿ ಕೊನೆಯ ಅಕ್ಷರಕ್ಕೆ ಬಂದಿದ್ದಾನೆ. ರೆಪ್ಪೆಯ ಮೇಲೆಲ್ಲ ಬಿಳಿ ದೂಳು. ಮೂರು ವಾರದ ಕೂಲಿ ಬಾಕಿ.

"ದೇವರ ಕೆಲಸಕ್ಕೂ ಕೂಲಿ ಎಣಿಸುತ್ತೀಯೇನಪ್ಪಾ? ಪುಣ್ಯ ಬರುತ್ತದೆ" ಎಂದರು ದಾನಿಗಳು, ನೆರಳಿನಿಂದಲೇ. (ಅಷ್ಟು ಪುಣ್ಯವಿದ್ದರೆ ಉಳಿಯನ್ನು ತಾವೇ ಏಕೆ ಹಿಡಿಯಲಿಲ್ಲವೋ!) ಅನಂತರ ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬಲು ಹೇಳಿದರು.

ಅವನು ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ಹಾಕಿಕೊಂಡ.

"ದೇವರ ಹೆಸರಿಗೆ ಪುಕ್ಕಟೆ ತುಂಬಿಕೊಡುತ್ತೇನೆ, ಸ್ವಾಮಿ. ನಿಮ್ಮದಕ್ಕೆ ಮುಂಗಡ ಬೇಕು."